ಅಗ್ಗದ ಪರದೆ: ಬಿಡತಕ್ಕದ್ದು ಯಾವುದು, ಬಿಡಬಾರದ್ದು ಯಾವುದು?

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ತನ್ನ ತಂದೆಯೊಡನೆ ನಮ್ಮನ್ನು ಕಾಣಲು ಬಂದಿದ್ದಳು. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿನ ಪರದೆ ಒಡೆದಿದೆ, ಉಳಿದುದೆಲ್ಲ ಸರಿಯಾಗಿದೆ. ಅದಕ್ಕೆ ಜೋಡಿಸಲು ಒಂದು ಮಾನಿಟರ್ ಬೇಕು. ಹಾಲಿನ ಬಟವಾಡೆಯಲ್ಲಿ ಕೂಡಿಟ್ಟ 8,000 ರೂಪಾಯಿ ಕೈಯಲ್ಲಿದೆ, ಅದರ ಮೇಲೆ ಒಂದು ಕಾಸೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 21.5 ಅಂಗುಲದ್ದಕ್ಕೆ 6,500 ರೂಪಾಯಿ, 27 ಅಂಗುಲದ್ದಕ್ಕೆ 8,000 ರೂಪಾಯಿ ಎಂದರಂತೆ. “ಇನ್ನು ಒಂದೂವರೆ ಸಾವಿರ ಹಾಕಿದರೆ ಅಷ್ಟು ದೊಡ್ಡದು ಸಿಗೋವಾಗ ಚಿಕ್ಕದು ಯಾಕೆ ಸಾರ್?” ಎಂದು ತಂದೆ ಕೇಳಿದರು.

ಪ್ರಶ್ನೆ ನ್ಯಾಯವಾದುದೇ. ಆದರೂ ಓದುವ ಹುಡುಗಿಗೆ ಚಿಕ್ಕದೇ ಲೇಸೆಂಬುದು ನಮ್ಮ ಅಭಿಪ್ರಾಯ.

ಎರಡು ಪರದೆಗಳಲ್ಲಿಯೂ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿಗಳಿವೆ. ದೊಡ್ಡ ಪರದೆಯಲ್ಲಿ ಒಂದು ಚುಕ್ಕಿಯೂ ಅಧಿಕವಿಲ್ಲ. ಒಂದೇ ಉಂಡೆ ರಾಗಿಹಿಟ್ಟನ್ನು ಅಗಲವಾದ ಕಾವಲಿಯ ಮೇಲೆ ತಟ್ಟಿದರೆ ರೊಟ್ಟಿ ತೆಳುವಾದೀತೇ ಹೊರತು ಹಿಟ್ಟು ಹೆಚ್ಚಾದೀತೆ? 21.5 ಅಂಗುಲದ್ದರಲ್ಲಿ ಚುಕ್ಕಿಯಿಂದ ಚುಕ್ಕಿಗೆ ಸುಮಾರು 0.25 ಮಿಲಿಮೀಟರ್, 27 ಅಂಗುಲದ್ದರಲ್ಲಿ 0.31. ಸಾಮಾನ್ಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಭಾಗದಷ್ಟು ಅಂತರವಿರುವ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲುದು. ಲೆಕ್ಕ ಹಾಕಿ ನೋಡಿದರೆ, ಚುಕ್ಕಿಗಳು ಒಂದಾಗಿ ಬೆಸೆದುಕೊಳ್ಳಲು ಚಿಕ್ಕ ಪರದೆಯಿಂದ ಸುಮಾರು 85 ಸೆಂಟಿಮೀಟರ್, ದೊಡ್ಡದರಿಂದ 107 ಸೆಂಟಿಮೀಟರ್ ದೂರವಿರಬೇಕು. ನಾವು ಕುಳಿತು ಓದುವುದಾದರೋ ಸುಮಾರು 60 ಸೆಂಟಿಮೀಟರ್ ದೂರದಲ್ಲಿ.

ಕನ್ನಡ ಓದುವವರಿಗೆ ಈ ವ್ಯತ್ಯಾಸ ಇಂಗ್ಲಿಷ್ ಓದುವವರಿಗಿಂತ ಹೆಚ್ಚು ತಟ್ಟುವುದು. ಮಹಾಪ್ರಾಣಕ್ಕೆ ‘ಹೊಟ್ಟೆ ಸೀಳಬೇಕು’ ಎಂದು ಪ್ರಾಥಮಿಕ ಶಾಲೆಯಲ್ಲಿ ಹೇಳಿಕೊಟ್ಟುದು ನೆನಪಿದೆಯಷ್ಟೆ? ‘ದ’ಕ್ಕೂ ‘ಧ’ಕ್ಕೂ ಇರುವ ಭೇದ ಆ ಸಣ್ಣ ಸೀಳೊಂದೇ. ಮೂರು ಮಿಲಿಮೀಟರ್ ಎತ್ತರದ ಅಕ್ಷರಕ್ಕೆ ಚಿಕ್ಕ ಪರದೆಯಲ್ಲಿ 12 ಸಾಲು ಚುಕ್ಕಿಗಳು ದೊರೆತರೆ ದೊಡ್ಡದರಲ್ಲಿ ಹತ್ತಕ್ಕಿಂತ ಕಡಿಮೆ. ಅಷ್ಟರಲ್ಲಿಯೇ ತಲೆಕಟ್ಟು, ಸೀಳು ಎಲ್ಲವೂ ಅಡಗಬೇಕು. ‘ಸ್ವಾತಂತ್ರ್ಯ’ ಎಂಬ ಪದವನ್ನು ಸಣ್ಣ ಅಕ್ಷರದಲ್ಲಿ ಮೂಡಿಸಿ ಅದರ ಒತ್ತುಗಳನ್ನು ದಿಟ್ಟಿಸಿ ನೋಡಿರಿ. ದೊಡ್ಡ ಪರದೆಯನ್ನು 75 ಸೆಂಟಿಮೀಟರ್ ದೂರಕ್ಕೆ ತಳ್ಳಿದರೆ ಎರಡೂ ಸಮವಾಗುವುದು ನಿಜ. ಆದರೆ ಗೋಡೆಗೆ ಒತ್ತಿದ ಎರಡಡಿಯ ಮೇಜಿನ ಮೇಲೆ ತಳ್ಳುವುದೆಲ್ಲಿಗೆ? ಚಿಕ್ಕದಕ್ಕೂ ಒಂದು ಕೊರತೆಯುಂಟು: ಅಕ್ಷರವನ್ನು ಹಿಗ್ಗಿಸಿಕೊಂಡರೆ ಪುಟದಲ್ಲಿ ಹಿಡಿಯುವ ಸಾಲುಗಳು ಕಡಮೆಯಾಗುವುವು. ಅದನ್ನು ಸಹಿಸಬಹುದು.

ಎರಡನೆಯ ಮಾತು ನೋಡುವ ಕೋನದ್ದು. ದ್ರವಸ್ಫಟಿಕದ ಪರದೆಯಲ್ಲಿ ಬೆಳಕನ್ನು ಬಿಡುವುದೂ ತಡೆಯುವುದೂ ಎರಡು ಧ್ರುವಕಗಳ ನಡುವಣ ಅಣುಗಳ ಕೆಲಸ. ಅಗ್ಗದ ಹಳೆಯ ಬಗೆಯಾದ ಟಿ.ಎನ್.ನಲ್ಲಿ ಈ ಅಣುಗಳು ತಿರುಚಿಕೊಂಡಿದ್ದು, ವಿದ್ಯುತ್ತು ತಗುಲಿದಾಗ ಎದ್ದು ನಿಲ್ಲುತ್ತವೆ. ಎದುರಿನಿಂದ ಚಿತ್ರ ಸರಿಯಾಗಿಯೇ ಇರುವುದು. ಓರೆಯಾಗಿ, ಅದರಲ್ಲಿಯೂ ಕೆಳಗಿನಿಂದ ನೋಡಿದರೆ ಬಣ್ಣಗಳು ಕೆಡುವುವು. ಈ ದೋಷದ ಪರಿಹಾರದ ಎಳೆಯೊಂದು ನಮ್ಮ ಬೆಂಗಳೂರಿನಿಂದಲೇ ಹೊರಟುದೆಂಬುದು ಎಷ್ಟು ಮಂದಿಗೆ ಗೊತ್ತು? ಅಲ್ಲಿಯವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳು ಕಡ್ಡಿಯಂಥವು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು, ನಾಣ್ಯಗಳನ್ನು ಪೇರಿಸಿದಂತೆ ಒಂದರ ಮೇಲೊಂದು ಜೋಡಿಸಿಕೊಳ್ಳುವ ಬಿಲ್ಲೆಯಂಥ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಮುಂದೆ ಜಪಾನಿನ ಫ್ಯೂಜಿ ಸಂಸ್ಥೆ ಇಂಥ ಬಿಲ್ಲೆಯಣುಗಳ ತೆಳುಪೊರೆಯನ್ನು ಟಿ.ಎನ್. ಪರದೆಗೆ ಅಂಟಿಸಿ ಅದರ ನೋಟದ ಕೋನವನ್ನು ಹಿಗ್ಗಿಸಿತು. ಐ.ಪಿ.ಎಸ್. ಎಂಬ ಬಗೆಯಲ್ಲಿ ಅಣುಗಳು ಗಾಜಿಗೆ ಸಮಾಂತರವಾಗಿಯೇ ತಿರುಗುವುದರಿಂದ ಈ ತೊಂದರೆ ಬಲು ಕಡಮೆ. ಅಂಗಡಿಯಲ್ಲಿದ್ದ ಚಿಕ್ಕ ಪರದೆ ಈ ಬಗೆಯದು. ದೊಡ್ಡದು ವಿ.ಎ. ಬಗೆಯದು, ಅದರ ಕಪ್ಪು ಗಾಢವಾದುದು, ಬಿಳುಪಿಗೂ ಕಪ್ಪಿಗೂ ಸುಮಾರು 3000ಕ್ಕೆ 1ರ ಪ್ರಮಾಣ. ಐ.ಪಿ.ಎಸ್.ನಲ್ಲಿ 1000ಕ್ಕೆ 1. ದೀಪವಾರಿಸಿ, ದೂರ ಕುಳಿತು, ಮನೆಮಂದಿಯೆಲ್ಲ ಚಲನಚಿತ್ರ ನೋಡುವುದಾದರೆ ನಾವೂ ದೊಡ್ಡದನ್ನೇ ಹೇಳುತ್ತಿದ್ದೆವು.

ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕೆಗಳ ವಿಷಯದಲ್ಲಿ ನಮಗೆ ಗೌರವ ಕಡಮೆ. ‘ಒಂದು ಕೋಟಿಗೆ ಒಂದು’ ಎಂಬ ಪ್ರಮಾಣ ಹಿಂಬೆಳಕನ್ನು ಒಮ್ಮೆ ಪೂರ್ತಿ ಉರಿಸಿ, ಇನ್ನೊಮ್ಮೆ ಬಹುಮಟ್ಟಿಗೆ ಆರಿಸಿ ಅಳೆದುದು. ಹಗಲಿನ ಅಂಗಳವನ್ನು ಅಮಾವಾಸ್ಯೆಯ ಅಂಗಳಕ್ಕೆ ಹೋಲಿಸಿದಂತೆ! ಒಂದೇ ಚಿತ್ರದೊಳಗಿನ ಬಿಳುಪು ಕಪ್ಪುಗಳಿಗೂ ಅದಕ್ಕೂ ಸಂಬಂಧವಿಲ್ಲ. ಸೆಕೆಂಡಿಗೆ 60 ಚಿತ್ರಗಳನ್ನು ತೋರುವ ಪರದೆಯಲ್ಲಿ ಪ್ರತಿ ಚಿತ್ರವೂ ಸುಮಾರು 17 ಮಿಲಿಸೆಕೆಂಡು ನಿಲ್ಲುವುದು. ಪಾಠ ಓದುವವಳಿಗೆ ‘ಒಂದು ಮಿಲಿಸೆಕೆಂಡಿನ’ ಪ್ರತಿಕ್ರಿಯೆಯಿಂದ ಆಗಬೇಕಾದುದೇನು? ಪರದೆಯೊಳಗಿನ ಧ್ವನಿವರ್ಧಕವನ್ನೂ ಬಿಡಬಹುದು.

ಬಿಡಬಾರದ ಪರೀಕ್ಷೆಯೊಂದುಂಟು. ಕೆಲವು ಪರದೆಗಳು ಬೆಳಕನ್ನು ಕುಗ್ಗಿಸಲು ದೀಪವನ್ನು ಅತಿ ವೇಗವಾಗಿ ಉರಿಸಿ ಆರಿಸುತ್ತವೆ. ಕೆಲವರಿಗೆ ಇದರಿಂದ ಕಣ್ಣು ದಣಿದು ತಲೆ ನೋಯುವುದು. ಅಂಗಡಿಯಲ್ಲಿಯೇ ಬೆಳಕನ್ನು ಕುಗ್ಗಿಸಿ, ಬಿಳಿಯ ಪುಟದ ಮುಂದೆ ಪೆನ್ನೊಂದನ್ನು ವೇಗವಾಗಿ ಬೀಸಿರಿ. ನೆರಳು ಒಂದೇ ಮಸುಕಾಗಿ ಕಂಡರೆ ಸರಿ. ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಕಂಡರೆ ದೀಪ ಮಿಣುಕುತ್ತಿದೆಯೆಂದು ತಿಳಿಯತಕ್ಕದ್ದು. ಇದಕ್ಕೆ ಮಾರುವವರ ಅಪ್ಪಣೆಯೂ ಬೇಕಾಗಿಲ್ಲ, ಉಪಕರಣವೂ ಬೇಕಾಗಿಲ್ಲ.

ಅಗ್ಗದ ಪರದೆಗಳ ಕಾಲು ಸಾಮಾನ್ಯವಾಗಿ ಗಿಡ್ಡ, ಎತ್ತರಿಸಲು ಬಾರದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಾರದಿದ್ದರೆ ದಿನವಿಡೀ ಕತ್ತು ಬಾಗಿಸಬೇಕಾಗುವುದು. ಇದಕ್ಕಾಗಿ ಹೆಚ್ಚಿನ ಬೆಲೆಯ ಮಾದರಿ ಬೇಡ, ಕೆಳಗೊಂದು ಗಟ್ಟಿಯಾದ ಮರದ ಹಲಗೆ ಇಟ್ಟರಾಯಿತು ಎಂದೆವು.

ಮುಂದಿನ ಶನಿವಾರ ಇಬ್ಬರೂ ಮತ್ತೆ ಎಸ್.ಪಿ. ರಸ್ತೆಗೆ ಹೋದರು. ಹುಡುಗಿ ಎರಡರ ಮುಂದೆಯೂ ಪೆನ್ನು ಬೀಸಿದಳಂತೆ; ಎರಡೂ ಮಿಣುಕಲಿಲ್ಲ. ಬಳಿಕ ತಂದೆ ತಾವೇ ಕನ್ನಡ ಪತ್ರಿಕೆಯ ಪುಟವೊಂದನ್ನು ಎರಡರಲ್ಲಿಯೂ ತೆರೆಸಿ, ಕನ್ನಡಕ ತೆಗೆದು ಹಾಕಿ ಬಹಳ ಹೊತ್ತು ನೋಡಿ ಚಿಕ್ಕದನ್ನೇ ಕಟ್ಟಿಸಿದರು. ಉಳಿದ ಒಂದೂವರೆ ಸಾವಿರದಲ್ಲಿ ಒಂದು ಕೀಲಿಮಣೆಯೂ ಮೌಸೂ ಬಂದವು. ಹಲಗೆ ಮಾತ್ರ ಇನ್ನೂ ಆಗಿಲ್ಲ. ಸದ್ಯಕ್ಕೆ ಪರದೆ ನಿಂತಿರುವುದು ನಾವು ಪಾಠ ಹೇಳುವ ಭೌತವಿಜ್ಞಾನದ ಎರಡು ದಪ್ಪ ಪುಸ್ತಕಗಳ ಮೇಲೆ.