ಅಂಗೈಯೊಳಗಿನ ಅಳತೆಗೋಲು

ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರದ ಸಾಮರ್ಥ್ಯವನ್ನು ಜನರಿಗೆ ಪರಿಚಿತವಾಗಿದ್ದ ಕುದುರೆಯ ದುಡಿಮೆಯೊಡನೆ ಹೋಲಿಸಿ ತಿಳಿಸಿದನು. ಅಶ್ವಶಕ್ತಿಯೆಂಬ ಮಾನವು ಬಳಕೆಗೆ ಬಂದುದು ಹೀಗೆ. ಅದು ಸುಮಾರು 746 ವಾಟ್‌ಗಳಿಗೆ ಸಮ. ಇಂದು ಕಾರಿನ ಅಶ್ವಶಕ್ತಿಯನ್ನು ಸ್ಮಾರ್ಟ್‌ಫೋನಿನ ಆ್ಯಪ್ ಹೇಳಬಲ್ಲುದು. ಆದರೆ ಅದು ಹೇಳಿದುದೆಲ್ಲವೂ ಸತ್ಯವೆ?

ಫೋನಿನೊಳಗಿನ ಸಂವೇದಕವು ಅಳೆಯುವುದು ವೇಗೋತ್ಕರ್ಷವನ್ನು. ಕಾರಿನ ತೂಕವನ್ನು ನಾವೇ ತಿಳಿಸಬೇಕು. ದ್ರವ್ಯರಾಶಿ, ವೇಗೋತ್ಕರ್ಷ, ವೇಗ ಇವುಗಳ ಗುಣಲಬ್ಧವೇ ಸಾಮರ್ಥ್ಯ. 1000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದ್ದು, ವೇಗೋತ್ಕರ್ಷವು 2 ಮೀ/ಸೆ² ಆಗಿದ್ದರೆ ಲೆಕ್ಕವು 40,000 ವಾಟ್, ಎಂದರೆ ಸುಮಾರು 54 ಅಶ್ವಶಕ್ತಿ. ಒಳಗೆ ಕುಳಿತವರ 250 ಕಿಲೋಗ್ರಾಂ ಭಾರವನ್ನು ಸೇರಿಸಲು ಮರೆತರೆ ಉತ್ತರವು ಐದನೆಯ ಒಂದು ಪಾಲು ಕುಗ್ಗುತ್ತದೆ. ಫೋನು ಕೊಂಚ ವಾಲಿದರೂ ಭೂಮಿಯ ಗುರುತ್ವವನ್ನೇ ಕಾರಿನ ವೇಗೋತ್ಕರ್ಷವೆಂದು ಬಗೆಯುವ ಸಂಭವವುಂಟು.

ಹಾಗೆಂದು ಈ ಸಾಧನವನ್ನು ಹಳಿಯಬೇಕಾಗಿಲ್ಲ. ಒಂದೇ ಹಾದಿಯಲ್ಲಿ, ಒಂದೇ ಭಾರದಲ್ಲಿ ಮತ್ತೆ ಮತ್ತೆ ಅಳೆದು ಹೋಲಿಸಿದರೆ ಎಂಜಿನ್ನು ಸೊರಗಿದುದನ್ನು ಊಹಿಸಬಹುದು. ಆದರೆ ಅಂಕಿಯ ಮೋಹದಿಂದ ಸಾರ್ವಜನಿಕ ರಸ್ತೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಳ್ಳುವುದು ದಾರಿಹೋಕರ ಪ್ರಾಣವನ್ನು ಪಣಕ್ಕಿಟ್ಟಂತೆ. ಇಂತಹ ಪರೀಕ್ಷೆಗೆ ಜನಸಂಚಾರವಿಲ್ಲದ ಪರೀಕ್ಷಾಪಥವೇ ತಕ್ಕ ಸ್ಥಳ. ಅಳೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು, ವಿವೇಕವನ್ನಲ್ಲ.