ಶುಲ್ಕ ಕಡಿಮೆ, ಕಾಯುವ ದಿನ ಜಾಸ್ತಿ

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ತರಬೇತಿ ಶುರುವಾಯಿತು. ಮೊದಲ ದಿನವೇ ತರಬೇತಿ ಕೊಡುವವರು ಒಂದೊಂದು ಹಾಳೆ ಹಂಚಿ, ‘ಬಿಇ ಮುಗಿದ ಮೇಲೆ ಏನು?’ ಎಂಬ ಪ್ರಶ್ನೆಗೆ ಉತ್ತರ ಬರೆಯಲು ಹೇಳಿದರು. ಅರವತ್ತು ಜನರ ತರಗತಿಯಲ್ಲಿ ‘ಎಂ.ಟೆಕ್, ಸರ್ಕಾರಿ ವಿಶ್ವವಿದ್ಯಾಲಯ’ ಎಂದು ಬರೆದವರು ನಾವಿಬ್ಬರೇ. ಹಾಳೆ ನೋಡಿ ಅವರು ನಕ್ಕರು. ‘ಅಲ್ಲಿ ಹೋಗಿ ಎರಡು ವರ್ಷ ಏನ್ ಮಾಡ್ತೀರಿ?’ ಎಂದರು. ತರಗತಿಯೂ ನಕ್ಕಿತು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹೊಳೆದಿದ್ದರೂ ಗಟ್ಟಿಯಾಗಿ ಹೇಳುತ್ತಿದ್ದೆನೋ ಇಲ್ಲವೋ. ಯಾಕೆಂದರೆ ನಮ್ಮ ಮನೆಯಲ್ಲೇ ಆ ಪ್ರಶ್ನೆಗೆ ಎರಡು ಉತ್ತರಗಳಿವೆ. ಎರಡೂ ನನ್ನ ಅಕ್ಕನವು.

ಅಕ್ಕ ನಮ್ಮ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದಲ್ಲಿ ಎಂ.ಎಸ್ಸಿ ಮಾಡಿದವಳು. ಹಾವೇರಿ ಜಿಲ್ಲೆಯ ನಮ್ಮ ಊರಲ್ಲಿ ಅಪ್ಪ ಮೆಕ್ಕೆಜೋಳ ಬೆಳೆಯುತ್ತಾರೆ. ಮೂರು ಎಕರೆ, ಮಳೆ ನಂಬಿದ ಜಮೀನು. ಅಕ್ಕನ ಎರಡು ವರ್ಷದ ಶುಲ್ಕ ನನ್ನ ಒಂದು ವರ್ಷದ ಎಂಜಿನಿಯರಿಂಗ್ ಶುಲ್ಕಕ್ಕಿಂತ ಕಡಿಮೆ. ಹಾಗಿಲ್ಲದಿದ್ದರೆ ಅವಳು ಬಿ.ಎಸ್ಸಿಗೇ ನಿಲ್ಲಬೇಕಿತ್ತು. ಅಪ್ಪ ಒಂದು ವರ್ಷದಲ್ಲಿ ಇಬ್ಬರನ್ನು ಓದಿಸಲು ಸಾಧ್ಯವಾಗಿದ್ದರೆ ಅದಕ್ಕೆ ಕಾರಣ ಆ ವಿಶ್ವವಿದ್ಯಾಲಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ದೂರುವಾಗ ಇದು ಮರೆತುಹೋಗಬಾರದು.

2024ರ ಆರಂಭದಲ್ಲಿ, ನನ್ನ ಮೊದಲ ಸೆಮಿಸ್ಟರ್ ಮುಗಿದ ರಜೆಯಲ್ಲಿ, ನಾಲ್ಕು ದಿನ ಅಕ್ಕನ ಹಾಸ್ಟೆಲ್‌ನಲ್ಲಿದ್ದೆ. ಮೂವರ ಕೋಣೆಯಲ್ಲಿ ಐವರಿದ್ದರು, ನಾನು ಆರನೆಯವಳು. ಒಬ್ಬಳು ಯಾದಗಿರಿ ಕಡೆಯವಳು, ಇನ್ನೊಬ್ಬಳು ಕುಷ್ಟಗಿಯವಳು. ಮತ್ತೊಬ್ಬರಿಗೆ ಮದುವೆಯಾಗಿ ಎರಡು ವರ್ಷದ ಮಗುವಿತ್ತು. ಮಗುವನ್ನು ತಾಯಿಯ ಬಳಿ ಬಿಟ್ಟು ಓದಲು ಬಂದಿದ್ದರು. ಮೆಸ್ಸಿನಲ್ಲಿ ಡಿವೈಡಿಂಗ್ ಪದ್ಧತಿ. ತಿಂಗಳ ಖರ್ಚನ್ನು ಎಲ್ಲರೂ ಹಂಚಿಕೊಳ್ಳುವುದರಿಂದ ತರಕಾರಿ ದುಬಾರಿಯಾದ ತಿಂಗಳು ಸಾರಿನಲ್ಲಿ ಬೇಳೆಯೂ ಕಡಿಮೆ, ತರಕಾರಿಯೂ ಕಡಿಮೆ. ಬೆಳಿಗ್ಗೆ ಆರೂವರೆಗೇ ಗ್ರಂಥಾಲಯದ ಓದುವ ಕೋಣೆಯ ಮುಂದೆ ಬ್ಯಾಗುಗಳ ಸಾಲು. ಬಾಗಿಲು ತೆರೆದ ಐದು ನಿಮಿಷಕ್ಕೆ ಒಂದು ಕುರ್ಚಿಯೂ ಖಾಲಿ ಇರುತ್ತಿರಲಿಲ್ಲ. ಅಲ್ಲಿ ಬರೀ ಎಂ.ಎಸ್ಸಿಯವರಲ್ಲ. ನೆಟ್, ಕೆ–ಸೆಟ್, ಪಿಎಸ್ಐ, ಕೆಎಎಸ್ ಎಂದು ಓದುವವರೂ ಇದ್ದರು. ಕೋರ್ಸ್ ಮುಗಿದು ಮೂರು ವರ್ಷವಾದರೂ ಊರಿಗೆ ಹೋಗಲು ಮುಖವಿಲ್ಲದೆ ಅಲ್ಲೇ ಉಳಿದವರೂ ಇದ್ದರು.

ರಾತ್ರಿ ಊಟವಾದ ಮೇಲೆ ಕೋಣೆಯಲ್ಲಿ ಪಾಠ ನಡೆಯುತ್ತಿತ್ತು. ಒಂದು ದಿನ ಒಬ್ಬರ ಸರದಿ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಕ್ವಾಂಟಂ ಮೆಕ್ಯಾನಿಕ್ಸ್ ಬಿಡಿಸುತ್ತಿದ್ದರು. ಇಂಗ್ಲಿಷ್ ಪುಸ್ತಕ, ಕನ್ನಡ ವಿವರಣೆ, ನಡುನಡುವೆ ಯಾದಗಿರಿಯ ಬೈಗುಳ. ಲ್ಯಾಬಿನಲ್ಲಿ ಕೆಲಸ ಮಾಡುವ ಜಿ.ಎಂ. ಕೌಂಟರ್ ಒಂದೇ ಇತ್ತಂತೆ. ಅದು ಕೈಕೊಟ್ಟರೆ ನಾಲ್ಕು ಬ್ಯಾಚಿನ ಪ್ರಯೋಗವೂ ನಿಲ್ಲುತ್ತಿತ್ತು. ಹಾಗಾಗಿ ಅವರೆಲ್ಲರೂ ಅದನ್ನು ಬಿಚ್ಚಿ ರಿಪೇರಿ ಮಾಡುವುದನ್ನೇ ಕಲಿತಿದ್ದರು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಎಲ್ಲ ಉಪಕರಣವೂ ಇದೆ. ರೀಡಿಂಗ್ ಮಾತ್ರ ಸೀನಿಯರ್‌ಗಳ ರೆಕಾರ್ಡ್ ಪುಸ್ತಕದಿಂದ ಬರುತ್ತದೆ! ‘ಎರಡು ವರ್ಷ ಏನ್ ಮಾಡ್ತೀರಿ’ ಎಂದು ಕೇಳಿದವರಿಗೆ ಆ ಕೋಣೆ ತೋರಿಸಬೇಕಿತ್ತು ಅನ್ನಿಸುತ್ತದೆ. ಇದು ಅಕ್ಕನ ಮೊದಲ ಉತ್ತರ.

ಎರಡನೆಯದು ಅಷ್ಟು ಚೆನ್ನಾಗಿಲ್ಲ.

ಅಕ್ಕನ ಕೊನೆಯ ಸೆಮಿಸ್ಟರ್ ಪರೀಕ್ಷೆ ಮುಗಿದದ್ದು 2024ರ ಏಪ್ರಿಲ್ ಮೂರನೇ ವಾರದಲ್ಲಿ. ಮೇ ತಿಂಗಳಲ್ಲಿ ಅವಳು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಸಂದರ್ಶನಕ್ಕೆ ಹೋಗಿ ಬಂದಳು. ಎರಡು ವರ್ಷದ ಪ್ರಾಜೆಕ್ಟಿನಲ್ಲಿ ಸಹಾಯಕಿಯ ಕೆಲಸ, ತಿಂಗಳಿಗೆ 25 ಸಾವಿರ. ಅಲ್ಲಿದ್ದುಕೊಂಡೇ ಪಿಎಚ್.ಡಿಗೆ ಪ್ರಯತ್ನಿಸಬಹುದು. ಆಯ್ಕೆಯಾದಳು. ಅಪ್ಪ ಊರ ಹೋಟೆಲಿನಲ್ಲಿ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಿದರು. ಸಂಸ್ಥೆಯವರು ಕೇಳಿದ್ದು ಒಂದೇ: ಜೂನ್ 30ರೊಳಗೆ ಕೊನೆಯ ಸೆಮಿಸ್ಟರಿನ ಅಂಕಪಟ್ಟಿ, ಇಲ್ಲವೇ ಫಲಿತಾಂಶ ಬಂದದ್ದಕ್ಕೆ ಏನಾದರೂ ದಾಖಲೆ.

ಫಲಿತಾಂಶ ಬರಲಿಲ್ಲ. ಅಕ್ಕ ವಿಶ್ವವಿದ್ಯಾಲಯಕ್ಕೆ ಮೂರು ಸಲ ಹೋದಳು. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿಯಿತು, ಹೋಗಿ ಬರುವ ದಿನಗಳು ಉಳಿಯಲಿಲ್ಲ. ವಿಭಾಗದಲ್ಲಿ ಕೇಳಿದರೆ ‘ಮೌಲ್ಯಮಾಪನ ಆಗಿದೆ, ಪರೀಕ್ಷಾ ವಿಭಾಗದಲ್ಲಿ ಕೇಳಮ್ಮ’ ಎಂದರು. ಪರೀಕ್ಷಾ ವಿಭಾಗದಲ್ಲಿ ‘ಒಂದು ವಿಷಯದ್ದು ಇನ್ನೂ ಬಂದಿಲ್ಲ, ನಿಮ್ಮ ವಿಭಾಗದಲ್ಲೇ ಕೇಳು’ ಎಂದರು. ಕೊನೆಗೆ ಒಬ್ಬ ಗುಮಾಸ್ತರು ಪಾಪ ಅನ್ನಿಸಿ ‘ಫಲಿತಾಂಶ ಬಾಕಿ ಇದೆ’ ಎಂದು ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಟ್ಟರು. ಅದರಲ್ಲಿ ಯಾವಾಗ ಬರುತ್ತದೆ ಎಂಬುದು ಇರಲಿಲ್ಲ. ಆ ಪತ್ರ ನೋಡಿ ಸಂಸ್ಥೆಯವರು ಜುಲೈ 15ರವರೆಗೆ ಸಮಯ ಕೊಟ್ಟರು. 16ಕ್ಕೆ ಕಾಯುವ ಪಟ್ಟಿಯಲ್ಲಿದ್ದ ಮುಂದಿನವರನ್ನು ಕರೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಎಷ್ಟು ದಿನ ಕಾಯುತ್ತಾರೆ.

ಫಲಿತಾಂಶ ಬಂದದ್ದು ಆಗಸ್ಟ್ 7ಕ್ಕೆ. ಪ್ರಥಮ ದರ್ಜೆ, ವಿಭಾಗಕ್ಕೆ ಮೂರನೆಯವಳು. 23 ದಿನ ತಡ. ಈಗ ಅಕ್ಕ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ 14 ಸಾವಿರಕ್ಕೆ ಪಾಠ ಮಾಡುತ್ತಾಳೆ, ರಾತ್ರಿ ನೆಟ್‌ಗೆ ಓದುತ್ತಾಳೆ. ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37 ಸಾವಿರ ರೂಪಾಯಿ ಬರುತ್ತದೆ, ಹಾಗಾಗಿ ಬಿಟ್ಟಿಲ್ಲ. ಆದರೆ ನೆಟ್‌ನಲ್ಲಿ ಒಂದೆರಡು ಅಂಕದಿಂದ ತಪ್ಪಿದಾಗ ಅವಳಿಗೆ ಬೇಜಾರಾಗುವುದು ನೆಟ್‌ಗಲ್ಲ, ಆ 23 ದಿನಕ್ಕೆ.

ಯಾಕೆ ತಡವಾಯಿತು ಎಂದು ನಾನು ಅಕ್ಕನಿಗೆ ಪಾಠ ಮಾಡಿದ ಸರ್ ಒಬ್ಬರನ್ನು ಕೇಳಿದೆ. ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕರು, ಪಿಎಚ್.ಡಿ ಆಗಿದೆ. ಅವರು ಹೇಳಿದ್ದು ಹೀಗೆ. ಅವರಲ್ಲಿ ಸ್ನಾತಕೋತ್ತರ ಉತ್ತರ ಪತ್ರಿಕೆಯನ್ನು ಇಬ್ಬರು ನೋಡಬೇಕು, ಒಬ್ಬರು ಒಳಗಿನವರು, ಇನ್ನೊಬ್ಬರು ಬೇರೆ ವಿಶ್ವವಿದ್ಯಾಲಯದವರು. ಇಬ್ಬರ ಅಂಕದಲ್ಲಿ ಅಂತರ ಹೆಚ್ಚಿದ್ದರೆ ಮೂರನೆಯವರು. ಪದ್ಧತಿ ಒಳ್ಳೆಯದೇ. ಆದರೆ ಅವರ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಇಬ್ಬರೇ. ಮುಖ್ಯಸ್ಥರ ಕೆಲಸ, ನ್ಯಾಕ್ ಕಡತ, ಪ್ರವೇಶಾತಿ ಎಲ್ಲವೂ ಆ ಇಬ್ಬರ ತಲೆ ಮೇಲೆ. ಪಾಠದ ಬಹುಪಾಲು ನಡೆಸುವ ಅತಿಥಿ ಉಪನ್ಯಾಸಕರ ಒಪ್ಪಂದ ತರಗತಿ ಮುಗಿದ ದಿನಕ್ಕೆ ಮುಗಿಯುತ್ತದೆ. ಮೌಲ್ಯಮಾಪನ ಶುರುವಾಗುವುದು ಅದಾದ ಮೇಲೆ. ಹಿಂದಿನ ತಿಂಗಳುಗಳ ಸಂಬಳವೇ ಬಾಕಿ ಇರುವಾಗ ಬೇರೆ ಊರಿಂದ ಕೈಯಿಂದ ಖರ್ಚು ಮಾಡಿಕೊಂಡು ಬಂದು ಪತ್ರಿಕೆ ತಿದ್ದುವವರು ಯಾರು? ‘ನಾನು ಬರ್ತೀನಿ. ಎಲ್ರೂ ಬರ್ಬೇಕು ಅಂತ ಹೆಂಗ್ ಹೇಳ್ಲಿ?’ ಎಂದರು. ಹೊರಗಿನಿಂದ ಬರಬೇಕಾದವರ ವಿಶ್ವವಿದ್ಯಾಲಯದಲ್ಲೂ ಇದೇ ಕಥೆ.

ಅಂದರೆ ಇದು ಯಾರೋ ಒಬ್ಬರ ಸೋಮಾರಿತನ ಅಲ್ಲ. ಅಷ್ಟೇ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಸರ್ಕಾರಿ ವಿಶ್ವವಿದ್ಯಾಲಯ ಬಡವರಿಗಾಗಿ ಇದೆ ಎಂದು ಎಲ್ಲರೂ ಹೇಳುತ್ತಾರೆ. ಶುಲ್ಕದ ಮಟ್ಟಿಗೆ ನಿಜ. ಆದರೆ ಬಡವರ ಬಳಿ ಹಣಕ್ಕಿಂತಲೂ ಕಡಿಮೆ ಇರುವುದು ಸಮಯ. ಅನುಕೂಲಸ್ಥರ ಮನೆಯ ಹುಡುಗನಿಗೆ ಆರು ತಿಂಗಳು ತಡವಾದರೆ ಆರು ತಿಂಗಳು ತಡ, ಅಷ್ಟೇ. ನನ್ನ ಅಕ್ಕನಂಥವರಿಗೆ ಆ ನಾಲ್ಕು ತಿಂಗಳು ಮನೆಯಲ್ಲಿ ಕೂತರೆ ಸಂಬಂಧ ಹುಡುಕುವುದು ಶುರುವಾಗುತ್ತದೆ. ನಮ್ಮ ಮನೆಯಲ್ಲೂ ಆಯಿತು. ಸೋದರತ್ತೆ ಫೋಟೊ ಕೇಳಿಕೊಂಡು ಬಂದರು. ಅಪ್ಪ ಒಪ್ಪಲಿಲ್ಲ ಎಂಬುದು ನಮ್ಮ ಪುಣ್ಯ. ಯಾದಗಿರಿಯ ಆ ಗೆಳತಿಯ ಮದುವೆ ಫಲಿತಾಂಶಕ್ಕಿಂತ ಮೊದಲೇ ಆಗಿಹೋಯಿತು. ಶುಲ್ಕದಲ್ಲಿ ಬಿಟ್ಟುಕೊಟ್ಟದ್ದನ್ನು ದಿನಗಳ ಲೆಕ್ಕದಲ್ಲಿ ವಾಪಸ್ ಪಡೆಯುವುದಾದರೆ ಅದನ್ನು ರಿಯಾಯಿತಿ ಎನ್ನಬಹುದೇ?

ವಿಚಿತ್ರವೆಂದರೆ, ಉನ್ನತ ಶಿಕ್ಷಣದ ಬಗ್ಗೆ ನಮ್ಮಲ್ಲಿ ಚರ್ಚೆಗೇನೂ ಕೊರತೆಯಿಲ್ಲ. 2023ರಲ್ಲಿ ನಮ್ಮ ಹಾವೇರಿಯೂ ಸೇರಿದಂತೆ ಕೊಪ್ಪಳ, ಬೀದರ್, ಚಾಮರಾಜನಗರ ಮುಂತಾದ ಕಡೆ ಹೊಸ ವಿಶ್ವವಿದ್ಯಾಲಯಗಳು ಬಂದವು. 2025ರ ಫೆಬ್ರುವರಿಯಲ್ಲಿ ಅವುಗಳಲ್ಲಿ ಹಲವನ್ನು ಮುಚ್ಚುವ ಮಾತು ಬಂತು, ಪ್ರತಿಭಟನೆ ನಡೆದವು. ಪದವಿ ನಾಲ್ಕು ವರ್ಷ ಎಂದರು, 2024ರಲ್ಲಿ ಮತ್ತೆ ಮೂರು ವರ್ಷ ಎಂದರು. ಎಲ್ಲವೂ ದೊಡ್ಡ ವಿಷಯಗಳೇ. ಆದರೆ ಎಂ.ಎ., ಎಂ.ಎಸ್ಸಿ ಫಲಿತಾಂಶ ಯಾವ ತಾರೀಖಿಗೆ ಬರಬೇಕು ಎಂಬ ಸಣ್ಣ ವಿಷಯಕ್ಕೆ ಒಂದು ಪ್ರತಿಭಟನೆ ನಡೆದದ್ದನ್ನು ನಾನು ನೋಡಿಲ್ಲ. ನಡೆಸಬೇಕಾದವರು ಆಗಲೇ ಕೋರ್ಸ್ ಮುಗಿಸಿ ಊರಿಗೆ ಹೋಗಿರುತ್ತಾರೆ, ಅದಕ್ಕಿರಬೇಕು.

ಪ್ರವೇಶ ಪಡೆಯುವ ದಿನವೇ ಕೊಡುವ ವೇಳಾಪಟ್ಟಿಯಲ್ಲಿ ಪರೀಕ್ಷೆಯ ದಿನದ ಜೊತೆ ಫಲಿತಾಂಶದ ದಿನವೂ ಇರಬೇಕು. ಅತಿಥಿ ಉಪನ್ಯಾಸಕರ ಒಪ್ಪಂದ ತರಗತಿಗೆ ಮುಗಿಯದೆ ಮೌಲ್ಯಮಾಪನದವರೆಗೆ ಇರಬೇಕು, ಆ ದಿನಗಳಿಗೂ ಸಂಬಳ ಸಿಗಬೇಕು. ಖಾಲಿ ಹುದ್ದೆ ತುಂಬಿ ಎಂಬ ಹಳೆಯ ಬೇಡಿಕೆ ಇದ್ದೇ ಇದೆ. ಅದಾಗುವವರೆಗೆ ಇಷ್ಟಾದರೂ ಆಗಲಿ. ಅಷ್ಟಾದರೂ ತಡವಾದರೆ, ಬರೀ ‘ಬಾಕಿ ಇದೆ’ ಎಂದಲ್ಲ, ‘ಇಂಥ ದಿನದೊಳಗೆ ಬರುತ್ತದೆ’ ಎಂದು ಮೌಲ್ಯಮಾಪನ ಕುಲಸಚಿವರ ಸಹಿ ಇರುವ ಪತ್ರ ಕೇಳಿದ ದಿನವೇ ಸಿಗಬೇಕು. ತಾರೀಖು ಬರೆದು ಸಹಿ ಹಾಕುವವರಿಗೆ ಆ ತಾರೀಖಿನ ನೆನಪು ಸ್ವಲ್ಪ ಹೆಚ್ಚೇ ಇರುತ್ತದೆ. ಅಕ್ಕನ ಕೈಯಲ್ಲಿ ಅಂಥದ್ದೊಂದು ಪತ್ರ ಇದ್ದಿದ್ದರೆ ಸಂಸ್ಥೆಯವರು ಇನ್ನು ಮೂರು ವಾರ ಕಾಯುತ್ತಿದ್ದರೇನೋ.

ಈಗ ನನ್ನ ವಿಷಯ. ಐದನೇ ಸೆಮಿಸ್ಟರ್ ನಡೆಯುತ್ತಿದೆ. ಗೇಟ್‌ನಲ್ಲಿ ಒಳ್ಳೆಯ ಅಂಕ ಬಂದು ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಅಪ್ಪನಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನೋಡವಾ, ನಿಮ್ಮಕ್ಕ ಓದಿದ್ದು ತಪ್ಪಂತ ನಾ ಹೇಳಂಗಿಲ್ಲ. ಆದ್ರ ಆಕಿ ಹಂಗ ದಾರಿ ಕಾಯೂದು ನನ್ನ ಕಡೆಯಿಂದ ಇನ್ನೊಮ್ಮೆ ನೋಡಾಕ ಆಗೂದಿಲ್ಲ’ ಎಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಅಕ್ಕ ಮಾತ್ರ ಹೋಗು ಎಂದಳು. ‘ಆದ್ರ ಅರ್ಜಿ ಹಾಕೂಕಿಂತ ಮೊದಲ ಆ ವಿಭಾಗದ ಸೀನಿಯರ್ ಯಾರನ್ನಾದ್ರೂ ಹುಡುಕಿ, ಹ್ವಾದ ಬ್ಯಾಚಿನ ರಿಸಲ್ಟ್ ಯಾವ ತಾರೀಖಿಗೆ ಬಂತು ಕೇಳು. ಹಾಸ್ಟೆಲ್ ಹೆಂಗೈತಿ, ಊಟ ಹೆಂಗೈತಿ ಅಂತ ಆಮ್ಯಾಲ ಕೇಳೀಯಂತ.’ ಕೇಳಿದೆ. ಮೂರು ವಿಶ್ವವಿದ್ಯಾಲಯಗಳ ಮೂವರಿಗೆ ಮೆಸೇಜ್ ಮಾಡಿದೆ. ಒಬ್ಬರು ತಕ್ಷಣ ತಾರೀಖು ಹೇಳಿದರು, ಪರೀಕ್ಷೆ ಮುಗಿದು 34 ದಿನಕ್ಕೆ ಬಂದಿತ್ತಂತೆ. ಅಂದರೆ ಇದು ಆಗದ ಕೆಲಸವೇನಲ್ಲ. ಇನ್ನಿಬ್ಬರ ಉತ್ತರ ಒಂದೇ ಇತ್ತು: ‘ಇನ್ನೂ ಬಂದಿಲ್ಲ.’