ಎಥನಾಲಿಗೆ ಎರಡನೆಯ ಬಾಗಿಲು

ಪೆಟ್ರೋಲಿನಲ್ಲಿ ಶೇಕಡಾ 20 ರಷ್ಟು ಎಥನಾಲನ್ನು ಬೆರೆಸಬೇಕೆಂಬ ಗುರಿಯನ್ನು ನಮ್ಮ ದೇಶವು 2025 ರಲ್ಲಿ ಮುಟ್ಟಿತು. ಮೊದಲು 2030 ಕ್ಕೆಂದು ಗೊತ್ತುಮಾಡಿದ್ದ ಕಾರ್ಯವು ಐದು ವರ್ಷ ಮುಂಚಿತವಾಗಿಯೇ ಕೈಗೂಡಿದುದು ಅಭಿನಂದನೀಯವೇ ಸರಿ. ಆದರೆ ಅದೇ ವರ್ಷದ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೆಲೆ ಬೇಕೆಂದು ಧರಣಿ ಕುಳಿತರು. ನಮ್ಮ ನಾಡಿನ ಕಾರ್ಖಾನೆಗಳಿಗೆ ದೊರೆತ ಎಥನಾಲ್ ಹಂಚಿಕೆಯು ಅವುಗಳ ಶಕ್ತಿಗೆ ಸಾಲದೆಂಬ ದೂರೂ ಆಗಲೇ ಕೇಳಿಬಂದಿತು. ತೈಲ ಕಂಪನಿಗಳೆಂಬ ಒಂದೇ ಬಾಗಿಲನ್ನು ನಂಬಿದ ಉದ್ಯಮಕ್ಕೆ ಇಂತಹ ಇಕ್ಕಟ್ಟು ಒದಗುವುದು ಆಶ್ಚರ್ಯವಲ್ಲ. ಎರಡನೆಯ ಬಾಗಿಲೊಂದನ್ನು ರಸಾಯನಶಾಸ್ತ್ರವು ತೋರಿಸುತ್ತಿದೆ. ಅದೇ ಎಥನಾಲನ್ನು ಬ್ಯೂಟನಾಲನ್ನಾಗಿ ಮಾರ್ಪಡಿಸುವ ವಿದ್ಯೆ.

ಈ ವಿದ್ಯೆಯ ಮೂಲವು ಹಳೆಯದು. ಫ್ರಾನ್ಸಿನ ಮಾರ್ಸೆಲ್ ಗೆರ್ಬೆ ಎಂಬ ವಿಜ್ಞಾನಿಯು 1899 ರಲ್ಲಿ ಚಿಕ್ಕ ಆಲ್ಕೊಹಾಲುಗಳನ್ನು ಜೋಡಿಸಿ ದೊಡ್ಡದನ್ನು ಪಡೆಯುವ ಕ್ರಿಯೆಯನ್ನು ಪ್ರಕಟಪಡಿಸಿದನು. ಎಥನಾಲಿನ ಎರಡು ಅಣುಗಳು ತಕ್ಕ ವೇಗವರ್ಧಕದ ಮೇಲೆ ಮೊದಲು ಹೈಡ್ರೋಜನನ್ನು ಬಿಟ್ಟು, ಬಳಿಕ ಪರಸ್ಪರ ಕೂಡಿ, ಕೊನೆಗೆ ಬಿಟ್ಟ ಹೈಡ್ರೋಜನನ್ನೇ ಮರಳಿ ಪಡೆದು ಒಂದು ಬ್ಯೂಟನಾಲ್ ಅಣುವಾಗುತ್ತವೆ. ನಡುವೆ ನೀರು ಬೇರ್ಪಡುತ್ತದೆ. ಲೆಕ್ಕದ ಪ್ರಕಾರ 100 ಕಿಲೋ ಎಥನಾಲಿನಿಂದ ಹೆಚ್ಚೆಂದರೆ 80 ಕಿಲೋ ಬ್ಯೂಟನಾಲ್ ಬರುತ್ತದೆ. ತೂಕದಲ್ಲಿ ಐದರಲ್ಲೊಂದು ಪಾಲು ನೀರಾಗಿ ಹೋದರೂ ಉರಿಯುವ ಶಕ್ತಿಯು ಬಹುಮಟ್ಟಿಗೆ ಉಳಿಯುತ್ತದೆಂಬುದು ಗಮನಾರ್ಹ. ಒಂದು ಲೀಟರ್ ಎಥನಾಲಿನಲ್ಲಿ ಸುಮಾರು 21, ಬ್ಯೂಟನಾಲಿನಲ್ಲಿ ಸುಮಾರು 29, ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿರುವುದು. ಮೇಲಾಗಿ ಬ್ಯೂಟನಾಲು ಎಥನಾಲಿನಂತೆ ನೀರನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ.

ಇಷ್ಟನ್ನು ಕೇಳಿದೊಡನೆ ನಾಳೆಯೇ ಬ್ಯೂಟನಾಲನ್ನು ವಾಹನಗಳಿಗೆ ಕಡ್ಡಾಯಮಾಡಬೇಕೆಂದು ಹೊರಡುವ ಉತ್ಸಾಹಿಗಳು ಇರಬಹುದು. ಅವರಿಗೆ ನಮ್ಮ ಬೆಂಬಲವಿಲ್ಲ. ಈ ಕ್ರಿಯೆಯು ಬೇಕಾದಲ್ಲಿಗೆ ನಿಲ್ಲುವ ಸ್ವಭಾವದ್ದಲ್ಲ. ಹುಟ್ಟಿದ ಬ್ಯೂಟನಾಲೇ ಮತ್ತೆ ಎಥನಾಲಿನೊಡನೆ ಕೂಡಿ ಇನ್ನೂ ದೊಡ್ಡ ಆಲ್ಕೊಹಾಲುಗಳಾಗುತ್ತದೆ. ಮೂಳೆ ಹಲ್ಲುಗಳಲ್ಲಿರುವ ಖನಿಜದ ಜಾತಿಯದೇ ಆದ ಹೈಡ್ರಾಕ್ಸಿಅಪಟೈಟನ್ನು ವೇಗವರ್ಧಕವಾಗಿ ಬಳಸಿ ಜಪಾನಿನವರು 2006 ರಲ್ಲಿ ಒಳ್ಳೆಯ ಫಲವನ್ನು ತೋರಿಸಿದರು. 2013 ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ರುಥೇನಿಯಂ ಲೋಹದ ಸಂಯುಕ್ತದಿಂದ, ಮಾರ್ಪಟ್ಟ ಎಥನಾಲಿನ ಶೇಕಡಾ 94 ರಷ್ಟು ಬ್ಯೂಟನಾಲೇ ಆಗುವಂತೆ ಮಾಡಿದರು. ಆದರೆ ಆಗ ಮಾರ್ಪಟ್ಟುದು ಒಟ್ಟು ಎಥನಾಲಿನ ಐದರಲ್ಲೊಂದು ಪಾಲಿನಷ್ಟು ಮಾತ್ರ. ಉಳಿದುದನ್ನು ಬೇರ್ಪಡಿಸಿ ಮತ್ತೆ ಮತ್ತೆ ಕಾಯಿಸುವ ವೆಚ್ಚವನ್ನು ಇಂಧನದ ಅಗ್ಗದ ಬೆಲೆಯು ತಾಳಲಾರದು. 20 ರ ಮಿಶ್ರಣದಿಂದಲೇ ವಾಹನದ ಮಾಲೀಕರಲ್ಲಿ ಅಸಮಾಧಾನವುಂಟಾಗಿರುವಾಗ ಪರೀಕ್ಷೆಯಿಲ್ಲದ ಮತ್ತೊಂದು ಆಜ್ಞೆಯನ್ನು ಹೊರಡಿಸುವುದು ವಿವೇಕವಲ್ಲ.

ಹಾಗಾದರೆ ಈ ಬ್ಯೂಟನಾಲಿಗೆ ಸ್ಥಾನವೆಲ್ಲಿ? ಇಂಜಿನಿನಲ್ಲಲ್ಲ, ಕಾರ್ಖಾನೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಬಣ್ಣ, ವಾರ್ನಿಷು, ಅಂಟು ಮೊದಲಾದ ಪದಾರ್ಥಗಳ ತಯಾರಿಕೆಗೆ ಬ್ಯೂಟನಾಲೂ ಅದರಿಂದಾಗುವ ವಸ್ತುಗಳೂ ಅವಶ್ಯಕ. ಇಂದು ಅದು ಬಹುತೇಕ ಪೆಟ್ರೋಲಿಯಂ ಮೂಲದ ಪ್ರೊಪಿಲೀನಿನಿಂದ ತಯಾರಾಗುತ್ತಿದೆ. ನಾವು ಹೊರನಾಡಿನಿಂದ ಕೊಳ್ಳುವ ಎಣ್ಣೆಯನ್ನು ಉಳಿಸಬೇಕೆಂದು ಎಥನಾಲನ್ನು ಸುಡುತ್ತೇವೆ. ಅದೇ ಎಣ್ಣೆಯಿಂದ ಬಂದ ಬ್ಯೂಟನಾಲನ್ನು ಬಣ್ಣಕ್ಕೆ ಬೆರೆಸುತ್ತೇವೆ. ಇಂಧನಕ್ಕಿಂತ ಹೆಚ್ಚು ಬೆಲೆ ಸಿಗುವ ಈ ಸ್ಥಾನದಲ್ಲಿಯೇ ಹೊಸ ವಿಧಾನವು ಮೊದಲು ತನ್ನ ಕಾಲ ಮೇಲೆ ನಿಲ್ಲಬಲ್ಲುದು.

ಆದಕಾರಣ ಸರಕಾರವು ಕೂಡಲೇ ಮಾಡತಕ್ಕ ಕೆಲಸಗಳು ಮೂರು. ಬೆಳಗಾವಿ, ಬಾಗಲಕೋಟೆ ಅಥವಾ ಮಂಡ್ಯ ಜಿಲ್ಲೆಯ ಯಾವುದಾದರೊಂದು ಡಿಸ್ಟಿಲರಿಯ ಪಕ್ಕದಲ್ಲಿ ಸಣ್ಣ ಪ್ರಮಾಣದ ಪ್ರಯೋಗ ಸ್ಥಾವರವನ್ನು ಸ್ಥಾಪಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಗಳಂತಹ ಸಂಸ್ಥೆಗಳಿಗೆ ವೇಗವರ್ಧಕದ ಶೋಧನೆಯನ್ನು ವಹಿಸಿ ಹಲವು ವರ್ಷಗಳ ನಿಶ್ಚಿತ ಧನಸಹಾಯವನ್ನು ಕೊಡಬೇಕು. ಪರರ ಪೇಟೆಂಟಿಗೆ ಕಪ್ಪ ತೆರುವ ಸ್ವಾವಲಂಬನೆಯು ಹೆಸರಿಗೆ ಮಾತ್ರ ಸ್ವಾವಲಂಬನೆ. ಮೂರನೆಯದಾಗಿ, ಪ್ರಯೋಗದ ಲಾಭನಷ್ಟಗಳ ಲೆಕ್ಕವನ್ನು ಮರೆಮಾಚದೆ ಪ್ರಕಟಿಸಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಯಾವ ವೇಗವರ್ಧಕವೂ ಹೊಲದಲ್ಲಿ ಒಂದು ಕಬ್ಬಿನ ಜಲ್ಲೆಯನ್ನೂ ಬೆಳೆಸಲಾರದು. ಮಳೆ ಕೈಕೊಟ್ಟ 2023 ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವೇ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದನ್ನು ತಡೆಯಬೇಕಾಯಿತು. ಬ್ಯೂಟನಾಲಿನ ಹೆಸರಿನಲ್ಲಿ ನೀರಿಲ್ಲದ ಸೀಮೆಗೆ ಕಬ್ಬನ್ನು ಹಬ್ಬಿಸಿದರೆ ಲಾಭವು ಕೆಲವರಿಗೆ, ಬಾಯಾರಿಕೆಯು ಎಲ್ಲರಿಗೆ ಎಂಬಂತಾದೀತು. ಈಗಿರುವ ಬೆಳೆಯಿಂದಲೇ ಹೆಚ್ಚು ಬೆಲೆಯನ್ನು ಪಡೆಯುವುದು, ಆ ಬೆಲೆಯಲ್ಲಿ ಬೆಳೆಗಾರನ ಪಾಲನ್ನು ಮೊದಲೇ ಬರಹದಲ್ಲಿ ಗೊತ್ತುಪಡಿಸುವುದು, ಇವೆರಡೂ ಆಗದಿದ್ದರೆ ಗುರ್ಲಾಪುರದ ಧರಣಿಯು ಬೇರೊಂದು ಹಂಗಾಮಿನಲ್ಲಿ ಬೇರೊಂದು ಊರಿನಲ್ಲಿ ಮರುಕಳಿಸುವುದರಲ್ಲಿ ಸಂದೇಹವಿಲ್ಲ. ಅಧಿಕಾರಿಗಳು ಇದನ್ನು ಸಕಾಲದಲ್ಲಿ ಮನಗಾಣುವರೆಂದು ನಂಬುತ್ತೇವೆ.